ಅಂಗೈ ಮೇಸ್ತ್ರಿಯ ಎಡಗೈ

ಗ್ಯಾರೇಜುಗಳ ಆ ಓಣಿಯಲ್ಲಿ ಅವನನ್ನು ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಅಂಗೈ ಮೇಸ್ತ್ರಿ. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಎಳೆದು, ಬಡಿದು, ಮೊದಲಿನ ಹಾಗೆ ಮಾಡುವುದು ಅವನ ಕಸುಬು. ಆ ಕೆಲಸದವರು ಓಣಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಆದರೆ ಅವರೆಲ್ಲ ತಗಡನ್ನು ಕಣ್ಣಿನಿಂದ ನೋಡುವವರು, ಇವನೊಬ್ಬ ಅಂಗೈಯಿಂದ ನೋಡುವವನು. ಎಡ ಅಂಗೈ ಕೆಳಗೆ ತೆಳ್ಳನೆಯ ಹತ್ತಿ ಬಟ್ಟೆ ಇಟ್ಟುಕೊಂಡು ಕಾರಿನ ಮೈಮೇಲೆ ನಿಧಾನವಾಗಿ ಸವರಿ, "ಇಲ್ಲಿ ಒಂದು ಕೂದಲೆಳೆ ತಗ್ಗಿದೆ, ಇಲ್ಲಿ ಎರಡೆಳೆ ಉಬ್ಬಿದೆ" ಅನ್ನುತ್ತಿದ್ದ. ಮಿಕ್ಕವರು ಬಗ್ಗಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರೂ ಏನೂ ಕಾಣುತ್ತಿರಲಿಲ್ಲ. ಬಣ್ಣ ಬಿದ್ದ ಮೇಲೆ ನೋಡಿದರೆ ಅವನು ಹೇಳಿದ್ದೇ ನಿಜವಾಗಿರುತ್ತಿತ್ತು.

ಅವನ ಹತ್ತಿರ ಭಾರೀ ಯಂತ್ರಗಳೇನೂ ಇರಲಿಲ್ಲ. ಒಂದು ಮೊಳಕ್ಕಿಂತ ತುಸು ಉದ್ದದ ಉಕ್ಕಿನ ಸರಳು, ಅದರ ಮೇಲೆ ಹಿಂದೆ ಮುಂದೆ ಜಾರುವ ಎರಡು ಕಿಲೋ ತೂಕದ ಗುಂಡು, ತುದಿಯಲ್ಲೊಂದು ಕೊಕ್ಕೆ. ಓಣಿಯವರು ಅದನ್ನು ಪುಲ್ಲರ್ ಅನ್ನುತ್ತಿದ್ದರು. ತಗ್ಗಾದ ಜಾಗಕ್ಕೆ ಸಣ್ಣ ವಾಷರುಗಳನ್ನು ಸಾಲಾಗಿ ವೆಲ್ಡ್ ಮಾಡಿ, ಕೊಕ್ಕೆ ಸಿಕ್ಕಿಸಿ, ಗುಂಡನ್ನು ತನ್ನ ಕಡೆಗೆ ಜಾರಿಸಿ ಹೊಡೆದರೆ ಒಂದೊಂದು ಏಟಿಗೂ ಒಂದಿಷ್ಟು ತಗಡು ಹೊರಗೆ ಬರುತ್ತದೆ. ಹೇಳುವುದಕ್ಕೇನೋ ಸುಲಭ. ಒಂದು ಏಟು ಹೆಚ್ಚಾದರೆ ತಗಡು ಹಿಗ್ಗಿಹೋಗುತ್ತದೆ. ಹಿಗ್ಗಿದ ತಗಡು ಡಬ್ಬದ ಮುಚ್ಚಳದ ಹಾಗೆ, ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ. ಅದನ್ನು ಮತ್ತೆ ದಾರಿಗೆ ತರುವಷ್ಟರಲ್ಲಿ ಮೇಸ್ತ್ರಿಗಳಿಗೆ ಕುಡಿದ ತಾಯಿಯ ಹಾಲು ನೆನಪಾಗುತ್ತದೆ.

ಅರೆಬರೆ ಕಲಿತವರು ಅಷ್ಟು ಕಷ್ಟಕ್ಕೆ ಹೋಗುವುದೇ ಇಲ್ಲ. ತಗ್ಗನ್ನು ತಗ್ಗಾಗಿಯೇ ಬಿಟ್ಟು, ಮೇಲೆ ದಪ್ಪನಾಗಿ ಪುಟ್ಟಿ ಮೆತ್ತಿಸಿ, ಉಜ್ಜಿ, ಬಣ್ಣ ಹೊಡೆಸಿ ಕಳಿಸಿಬಿಡುತ್ತಾರೆ. ವರ್ಷ ಒಪ್ಪತ್ತು ಚೆನ್ನಾಗಿರುತ್ತದೆ, ಆಮೇಲೆ ಒಂದು ದಿನ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಅಂಥವರನ್ನು ಕಂಡರೆ ಮೇಸ್ತ್ರಿಗೆ ಮೈಯೆಲ್ಲ ಉರಿ. "ನನ್ನ ಕೆಲಸದ ಮೇಲೆ ಪುಟ್ಟಿ ಪೋಸ್ಟ್‌ಕಾರ್ಡಿಗಿಂತ ದಪ್ಪ ಬಿದ್ದಿದ್ರೆ ಮೀಸೆ ಬೋಳಿಸ್ಕೋತೀನಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ. ಅವನಿಗೆ ಮೀಸೆಯೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ಪೋಸ್ಟ್‌ಕಾರ್ಡ್ ದಪ್ಪದ ಪುಟ್ಟಿ ಬಳಿದು ಬಣ್ಣ ಹೊಡೆಯುವವನು ಅವನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಹದಿನೆಂಟು ವರ್ಷದಿಂದ ಒಂದೇ ಶೆಡ್ಡು: ಮುಂದಿನ ಅರ್ಧದಲ್ಲಿ ಮೇಸ್ತ್ರಿಯ ಬಡಿತ, ಪರದೆ ಕಟ್ಟಿದ ಹಿಂದಿನ ಅರ್ಧದಲ್ಲಿ ಭಾಮೈದನ ಬಣ್ಣ. ಭಾಮೈದ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಪಕ್ಕದ ರೇಡಿಯೇಟರ್ ಅಂಗಡಿಯವನು "ಬಾಯಿ ಬಿಟ್ರೆ ಬಣ್ಣಗೇಡು ಅಂತ ಬಣ್ಣದವನಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ" ಎಂದು ನಗಾಡುತ್ತಿದ್ದ. ಇತ್ತೀಚೆಗೆ ಭಾಮೈದನ ಕೆಲಸ ಬಹಳ ನಿಧಾನವಾಗಿತ್ತು. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ. ಎಲ್ಲರೂ ಊಟಕ್ಕೆ ಹೋದರೂ ಪರದೆಯ ಹಿಂದೆ ಉಪ್ಪು ಕಾಗದ ಉಜ್ಜುವ ಸದ್ದು ಬರುತ್ತಲೇ ಇರುತ್ತಿತ್ತು. "ಏನಯ್ಯಾ, ಆಮೆಗೆ ಬಣ್ಣ ಹೊಡೀತಾ ಇದೀಯಾ, ಇಲ್ಲ ಆಮೆ ಹತ್ರ ಹೊಡೆಸ್ತಾ ಇದೀಯಾ?" ಎಂದು ಮೇಸ್ತ್ರಿ ಗಿರಾಕಿಗಳ ಮುಂದೆಯೇ ಕಿಚಾಯಿಸುತ್ತಿದ್ದ. ಭಾಮೈದ ನಕ್ಕು ಪರದೆಯ ಹಿಂದೆ ಹೋಗುತ್ತಿದ್ದ.

ಮೇಸ್ತ್ರಿಗೆ ಒಳಗೊಳಗೇ ಕೊರೆಯುತ್ತಿದ್ದ ಚಿಂತೆ ಬೇರೆಯೇ ಇತ್ತು. ಎರಡು ವರ್ಷದ ಹಿಂದೆ ಎಡಗೈಯ ಕಿರುಬೆರಳು ಜುಮುಜುಮು ಎಂದಿತ್ತು. ಆಮೇಲೆ ಪಕ್ಕದ ಬೆರಳು, ಆಮೇಲೆ ಅಂಗೈಯ ಅಂಚು, ಬರಬರುತ್ತ ಅಂಗೈಯೇ ಮರಗಟ್ಟಿತು. ಬಲಗೈ ಹೊರಗಿನಿಂದ ಸುತ್ತಿಗೆ ಬೀಸುವಾಗ ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಹಿಡಿದು ಆ ಏಟನ್ನೆಲ್ಲ ತಡೆದುಕೊಂಡದ್ದು ಎಡಗೈ, ಅದೂ ಮೂವತ್ತೆರಡು ವರ್ಷ. ಡಾಕ್ಟರು ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿ, "ನರ ಸೋತುಹೋಗಿದೆ. ಹೋದದ್ದು ಬರಲ್ಲ. ಸುತ್ತಿಗೆ ಬಿಟ್ರೆ ಇರೋದು ಉಳಿಯುತ್ತೆ" ಎಂದಿದ್ದರು. ಮನೆಗೆ ಬಂದು ಹೆಂಡತಿಗೆ "ಶಕ್ತಿ ಮಾತ್ರೆ ಕೊಟ್ಟಿದಾರೆ" ಎಂದ. ಬಲಗೈಯಿಂದ ಸವರಿ ನೋಡುವುದನ್ನು ಕಲಿಯಲು ಹೊರಟ. ಅದು ಹುಟ್ಟಾ ಹೊಡೆಯುವ ಕೈ, ಅದಕ್ಕೆ ಆ ಸೂಕ್ಷ್ಮವೆಲ್ಲ ತಲೆಗೆ ಹೋಗಲಿಲ್ಲ. ಕೊನೆಗೆ ಅವನು ನೆನಪಿನ ಮೇಲೆ ಕೆಲಸ ಮಾಡತೊಡಗಿದ: ಇಂಥ ಕಡೆ ಇಂಥ ಗುಳಿಯಾದರೆ ಏಳು ಏಟು, ಬಾಗಿಲ ಅಂಚಿನಲ್ಲಾದರೆ ಐದು. ಆಮೇಲೆ ಅಭ್ಯಾಸದಂತೆ ಬಟ್ಟೆ ಇಟ್ಟು ಸವರುವುದು, ತಲೆಯಾಡಿಸುವುದು, "ಆಯ್ತು, ಒಳಗೆ ತಗೊಂಡ್ಹೋಗು" ಅನ್ನುವುದು. ಕಾರುಗಳು ಪರದೆಯ ಹಿಂದಿನಿಂದ ಕನ್ನಡಿಯಂತೆ ಹೊಳೆಯುತ್ತ ಹೊರಗೆ ಬರುತ್ತಿದ್ದವು. ಮೇಸ್ತ್ರಿ ನಿಟ್ಟುಸಿರು ಬಿಡುತ್ತಿದ್ದ. ಕೈ ಅಷ್ಟೇನೂ ಕೆಟ್ಟಿಲ್ಲ, ಡಾಕ್ಟರಿಗೇನು ಗೊತ್ತು ತಗಡಿನ ವಿಷಯ ಎಂದುಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಟೈಲರಮ್ಮ ಬಂದಳು. ಮೂರನೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಗಟ್ಟಿ ಹೆಂಗಸು. ಅವಳ ಪುಟ್ಟ ಬಿಳಿ ಕಾರಿನ ಹಿಂದಿನ ಬಾಗಿಲನ್ನು ಏಳು ತಿಂಗಳ ಹಿಂದೆ ಇಲ್ಲೇ ಸರಿಮಾಡಿದ್ದರು. ಅವಳು ಚೂರುಬಟ್ಟೆಯ ಗಂಟೊಂದನ್ನು ಬಿಚ್ಚಿ ಮೇಸ್ತ್ರಿಯ ಮುಂದೆ ಇಟ್ಟಳು. ಒಳಗೆ ಬಣ್ಣದ ಸಮೇತ ಕಳಚಿ ಬಂದ ಪುಟ್ಟಿಯ ಚಕ್ಕೆ, ಹೆಬ್ಬೆರಳಿನಷ್ಟು ದಪ್ಪ.

"ಬಾಗಿಲು ಹಾಕಿದೆ, ಕಾಲ ಮೇಲೆ ಬಿತ್ತು. ಪೋಸ್ಟ್‌ಕಾರ್ಡು ಅಂದಿದ್ರಿ. ಇದ್ಯಾವ ದೇಶದ ಪೋಸ್ಟ್‌ಕಾರ್ಡು ಮೇಸ್ತ್ರಿ?" ಎಂದಳು.

ಟೀ ಕುಡಿಯುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮೇಸ್ತ್ರಿಯ ಮುಖ ಸುಟ್ಟ ಹಾಗಾಯಿತು. ಒಂದು ಕ್ಷಣವೂ ಯೋಚಿಸದೆ ಪರದೆ ಸರಿಸಿ ಭಾಮೈದನನ್ನು ತೋಳು ಹಿಡಿದು ಹೊರಗೆ ಎಳೆದು ತಂದ.

"ನೋಡು, ಕಣ್ಬಿಟ್ಟು ನೋಡು! ನಾನು ನೆಟ್ಟಗೆ ಎಳೆದು ಕೊಟ್ಟ ತಗಡಿನ ಮೇಲೆ ಇದೇನೋ ಮೆತ್ತಿದೀಯಾ? ಇದಕ್ಕೇನಾ ನಾಲ್ಕು ನಾಲ್ಕು ದಿನ ತಗೊಳ್ತಿದ್ದದ್ದು? ಉಂಡ ಮನೆಗೆ ಎರಡು ಬಗೆಯೋ ಬುದ್ಧಿ ಯಾವಾಗಿಂದ ಬಂತು?"

ಭಾಮೈದ ಚಕ್ಕೆಯನ್ನು ನೋಡಿದ. ಮೇಸ್ತ್ರಿಯ ಮುಖ ನೋಡಿದ.

"ಕೇಳಿಸ್ಕೊಳ್ಳಿ ಎಲ್ರೂ," ಎಂದು ಮೇಸ್ತ್ರಿ ಓಣಿಯ ಕಡೆ ತಿರುಗಿ ಕೂಗಿದ. "ಇವನ ಕೈಗೆ ಇನ್ಮೇಲೆ ಯಾರೂ ಗಾಡಿ ಕೊಡಬೇಡಿ. ನನ್ನ ಹೆಂಡತಿ ತಮ್ಮ ಅಂತ ಮುಲಾಜು ನೋಡಬೇಡಿ."

"ಆಯ್ತು ಭಾವ," ಎಂದ ಭಾಮೈದ. ಬಣ್ಣದ ಗನ್ನನ್ನು ತೊಳೆದು, ಒರೆಸಿ, ಮೊಳೆಗೆ ನೇತುಹಾಕಿ, ಅಂಗಿ ಬದಲಿಸಿಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಸ್ತ್ರಿಗೆ ಇನ್ನೂ ಸಿಟ್ಟಿನ ಕಾವು ಆರಿರಲಿಲ್ಲವಾದ್ದರಿಂದ ಒಡೆದದ್ದು ತಿಳಿಯಲಿಲ್ಲ. ಟೈಲರಮ್ಮನಿಗೆ ಬರುವ ಸೋಮವಾರದ ಹೊತ್ತಿಗೆ ಬಾಗಿಲನ್ನು ಹೊಸದಾಗಿ ಮಾಡಿಕೊಡುವುದಾಗಿ ಹೇಳಿ ಕಾರನ್ನು ಇಟ್ಟುಕೊಂಡ.

ಮೂರನೇ ದಿನ ಹಿಂದಿನ ಬೀದಿಯಿಂದ ಇನ್ನೊಬ್ಬ ಪೇಂಟರನನ್ನು ಕರೆಸಿದ. ಮೇಸ್ತ್ರಿ ಎಳೆದು ಮುಗಿಸಿದ್ದ ಬಾನೆಟ್ ಒಂದರ ಮೇಲೆ ಹೊಸಬ ಎರಡು ಸಲ ಕೈಯಾಡಿಸಿ ನೋಡಿದ. ಆಮೇಲೆ ಸಂಕೋಚದಿಂದ, "ಮೇಸ್ತ್ರಿ, ಇದು ಇನ್ನೂ ಮುಗಿದಿಲ್ಲ ಅಲ್ವಾ? ಮುಗಿಸಿದ್ಮೇಲೆ ಹೇಳಿ ಕಳಿಸಿ, ಬರ್ತೀನಿ" ಎಂದ. ಅವನು ವ್ಯಂಗ್ಯವಾಗಿ ಹೇಳಿದ್ದಲ್ಲ. ಅಂಗೈ ಮೇಸ್ತ್ರಿಯ ಕೆಲಸ ಹೀಗಿರಲು ಸಾಧ್ಯವಿಲ್ಲ ಎಂದು ನಿಜವಾಗಿಯೂ ನಂಬಿ ಹೇಳಿದ. ಅದೇ ಮೇಸ್ತ್ರಿಗೆ ನಾಟಿತು.

ಹಳೆ ಕಾರು ಕೊಳ್ಳುವವರು ಒಂದು ಉಪಾಯ ಮಾಡುತ್ತಾರೆ. ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಕಾರಿನ ಮೈಗೆ ತಾಗಿಸುತ್ತಾರೆ. ಒಳಗೆ ತಗಡಿದ್ದರೆ ಕಚ್ಚಿ ಹಿಡಿಯುತ್ತದೆ, ಪುಟ್ಟಿ ದಪ್ಪಗಿದ್ದರೆ ಬಿದ್ದುಹೋಗುತ್ತದೆ. ಹೊಸಬ ಹೋದ ಮೇಲೆ ಮೇಸ್ತ್ರಿ ಹಳೆಯ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದ. ಗಿರಾಕಿಗಳು ಒಯ್ಯಲು ಬಾಕಿಯಿದ್ದ ಮೂರು ಕಾರುಗಳು ಶೆಡ್ಡಿನ ಮುಂದೆ ನಿಂತಿದ್ದವು. ಮೊದಲನೆಯದರ ಮಡ್‌ಗಾರ್ಡಿಗೆ ತಾಗಿಸಿದ, ಬಿತ್ತು. ಎತ್ತಿಕೊಂಡು ಎರಡನೆಯದರ ಬಾಗಿಲಿಗೆ ತಾಗಿಸಿದ, ಬಿತ್ತು. ಮೂರನೆಯದರಲ್ಲೂ ಬಿತ್ತು. ರೇಡಿಯೇಟರಿನವನ ವ್ಯಾನನ್ನು ಅವನು ಸರಿಮಾಡಿ ಹದಿನಾಲ್ಕು ತಿಂಗಳಾಗಿತ್ತು. ಅದಕ್ಕೂ ತಾಗಿಸಿದ. ಅಲ್ಲೂ ನಿಲ್ಲಲಿಲ್ಲ. ಆ ವ್ಯಾನಿನ ಇನ್ನೊಂದು ಮಗ್ಗುಲನ್ನು ಮೂರು ವರ್ಷದ ಹಿಂದೆ ಎಳೆದಿದ್ದ. ಅಲ್ಲಿ ಮಾತ್ರ ಅಯಸ್ಕಾಂತ ಟಪ್ ಎಂದು ಅಂಟಿಕೊಂಡಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಇವನ ಅಂಗೈಗೆ ಬೇಕಾಯಿತು ನೋಡಿ.

ಅವನು ಟೈರಿನ ರಾಶಿಯ ಮೇಲೆ ಕುಸಿದು ಕೂತ. ಹದಿನಾಲ್ಕು ತಿಂಗಳಿಂದ ತನ್ನ ಪ್ರತಿಯೊಂದು ತಪ್ಪನ್ನೂ ಆ ಪರದೆಯ ಹಿಂದೆ ಒಬ್ಬ ಊಟ ಬಿಟ್ಟು ಉಜ್ಜಿ ಉಜ್ಜಿ ಮುಚ್ಚಿದ್ದ. ಅವನನ್ನು ತಾನು ಆಮೆ ಎಂದಿದ್ದ. ಮೇಸ್ತ್ರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮನೆಗೆ ಹೋದರೆ ಹೆಂಡತಿ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದಳು. ತಮ್ಮನನ್ನು ಓಡಿಸಿದ ದಿನದಿಂದ ಅವಳು ಬಾಯಿ ಬಿಟ್ಟಿರಲಿಲ್ಲ, ತಟ್ಟೆ ಮಾತ್ರ ಸದ್ದು ಮಾಡಿ ಇಡುತ್ತಿದ್ದಳು.

"ನಿನಗೂ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು."

"ಅಕ್ಕ ತಮ್ಮ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ರಿ."

"ಮೊದ್ಲು ಎರಚಿದ್ದು ಯಾರ್ರೀ?" ಎಂದು ಅವಳು ಸರ್ರನೆ ತಿರುಗಿದಳು. "ಶಕ್ತಿ ಮಾತ್ರೆ ಅಂದ್ರಲ್ಲ, ಆ ಚೀಟಿ ನಿಮ್ಮ ಅಂಗಿ ಜೇಬಲ್ಲೇ ಇತ್ತು, ಒಗೆಯೋಳು ನಾನು. ಮೊನ್ನೆ ಒಲೆ ಮೇಲಿಂದ ಕುದಿಯೋ ಪಾತ್ರೆನ ಬರೀ ಎಡಗೈಲಿ ಇಳಿಸಿದ್ರಿ. ನಾನು ನೋಡ್ತಾ ನಿಂತಿದ್ದೆ. ಬೊಬ್ಬೆ ಎದ್ದಿದ್ದೂ ನಿಮಗೆ ಗೊತ್ತಾಗ್ಲಿಲ್ಲ. ಹೇಳೋದು ಹೆಂಗೆ? ಮೂಗಿನ ತುದೀಲೇ ಕೋಪ. ತಮ್ಮ ಹೇಳ್ದ, ಅಕ್ಕಾ ಭಾವನಿಗೆ ಆ ಕೈ ಬಿಟ್ರೆ ಬೇರೇನಿದೆ, ಇರ್ಲಿ ಬಿಡು, ನಾನಿದೀನಲ್ಲ ಅಂತ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ಅವನಿಗೆ ಯಾರೂ ಕೆಲಸ ಕೊಡ್ತಿಲ್ಲ. ಗೊತ್ತಾ?"

ಗೊತ್ತಿರಲಿಲ್ಲ. ಮರುದಿನ ಹುಡುಕಿಕೊಂಡು ಹೋದಾಗ ಭಾಮೈದ ಯಾರದೋ ಮನೆಯ ಕಬ್ಬಿಣದ ಗೇಟಿಗೆ ಬ್ರಷ್ಷಿನಿಂದ ಬಣ್ಣ ಬಳಿಯುತ್ತಿದ್ದ. ಕಾರಿನ ಮೇಲೆ ಮುಖ ನೋಡಿಕೊಳ್ಳುವಂಥ ಬಣ್ಣ ಹೊಡೆಯುವ ಕೈಗೆ ಒಂದು ಮುಳ್ಳುಮುಳ್ಳು ಬ್ರಷ್ಷು. ಮೇಸ್ತ್ರಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, "ಸೋಮವಾರ ಟೈಲರಮ್ಮ ಬರ್ತಾಳೆ. ಎಲ್ಲರ ಮುಂದೆ ಹೇಳ್ತೀನಿ. ತಪ್ಪು ನಂದು ಅಂತ" ಎಂದಷ್ಟೇ ಹೇಳಿದ.

ಭಾಮೈದ ಬ್ರಷ್ಷನ್ನು ಡಬ್ಬದ ಮೇಲಿಟ್ಟ. "ಬೇಡ ಭಾವ. ಕೈ ಹೋಗಿದೆ ಅಂತ ಒಂದ್ಸಲ ಗೊತ್ತಾದ್ರೆ ಆಮೇಲೆ ಒಂದು ಸೈಕಲ್ಲೂ ಬರಲ್ಲ ನಿಮ್ಮ ಹತ್ರ. ನನ್ನ ಹೆಸರು ಹಾಳಾದ್ರೆ ಆಗ್ಲಿ, ನಾಲ್ಕು ತಿಂಗಳಿಗೆ ಮರೀತಾರೆ. ನಿಮ್ಮದು ಹಾಗಲ್ಲ."

ಅದು ನಿಜವೆಂದು ಮೇಸ್ತ್ರಿಗೆ ಗೊತ್ತಿತ್ತು. ಉಳಿದ ಎರಡು ದಿನವೂ ಅದನ್ನೇ ಯೋಚಿಸಿದ. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ, ಭಾಮೈದ ಗೇಟು ಬಳಿಯುತ್ತಿರುತ್ತಾನೆ. ಬಾಯಿ ಬಿಟ್ಟರೆ ಅವನು ಉಳಿಯುತ್ತಾನೆ, ಅಂಗೈ ಮೇಸ್ತ್ರಿ ಅನ್ನುವವನು ಇರುವುದಿಲ್ಲ. ಎರಡು ಸಲ ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು, ಅದನ್ನೇಕೆ ಮುಚ್ಚಿಡುವುದು.

ಸೋಮವಾರ ಹತ್ತು ಗಂಟೆಗೆ ಟೈಲರಮ್ಮ ಬಂದಳು. ಅದು ಓಣಿಯ ಟೀ ಹೊತ್ತು, ಜನ ಇದ್ದರು. ಏನಾಗುವುದೋ ಎಂಬ ಭಯಕ್ಕೆ ಭಾಮೈದನೂ ಬಂದು ದೂರದಲ್ಲಿ ನಿಂತಿದ್ದ. ಮೇಸ್ತ್ರಿ ಕೈ ಒರೆಸಿಕೊಂಡು ಮುಂದೆ ಬಂದ.

"ಅಮ್ಮಾ, ಬಾಗಿಲು ಇನ್ನೂ ಮುಟ್ಟಿಲ್ಲ. ಅವತ್ತು ಇವನನ್ನ ಬೈದೆನಲ್ಲ, ಅದು ಸುಳ್ಳು. ಕೆಟ್ಟದಾಗಿ ಎಳೆದೋನು ನಾನು. ನನ್ನ ಎಡಗೈಗೆ ಸ್ಪರ್ಶ ಇಲ್ಲ, ವರ್ಷದ ಮೇಲಾಯ್ತು. ಇವನು ಮುಚ್ಚಿಟ್ಟು ನನ್ನ ಮಾನ ಉಳಿಸಿದ."

ಭಾಮೈದ ಗಡಬಡಿಸಿ ಮುಂದೆ ಬಂದ. "ಇಲ್ಲ ಇಲ್ಲ. ಭಾವ ಸುಮ್ನೆ ನನ್ನ ಉಳಿಸೋಕೆ ಹೇಳ್ತಿದಾರೆ. ಅಕ್ಕ ಅತ್ಲು, ಅದಕ್ಕೆ. ಪುಟ್ಟಿ ನಾನೇ ಮೆತ್ತಿದ್ದು, ಸೋಮಾರಿತನ." ಹದಿನೆಂಟು ವರ್ಷದಲ್ಲಿ ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಓಣಿ ಕೇಳಿರಲಿಲ್ಲ.

ಓಣಿ ಅವನನ್ನೇ ನಂಬಿತು. ರೇಡಿಯೇಟರಿನವನು ಮೇಸ್ತ್ರಿಯ ಭುಜ ತಟ್ಟಿ, "ಹೆಂಡ್ತಿ ಕಣ್ಣೀರಿಗೆ ಎಂಥವರೂ ಕರಗ್ತಾರೆ ಬಿಡಿ. ನಿಮ್ಮ ಕೈ ಗೊತ್ತಿಲ್ವಾ ನಮಗೆ" ಎಂದ. ನಾಲ್ಕು ಜನ ನಕ್ಕರು. ಮೇಸ್ತ್ರಿಗೆ ಇದೊಂದು ಹೊಳೆದೇ ಇರಲಿಲ್ಲ. ನಿಜ ಹೇಳುವುದು ಕಷ್ಟ ಎಂದುಕೊಂಡಿದ್ದ. ಹೇಳಿದರೂ ಯಾರೂ ತೆಗೆದುಕೊಳ್ಳುವುದಿಲ್ಲ ಎಂದುಕೊಂಡಿರಲಿಲ್ಲ. ಇನ್ನೊಂದು ಮಾತು ಆಡದೆ ಇದ್ದರೆ ಎಲ್ಲವೂ ಮೊದಲಿನ ಹಾಗೇ ಆಗುತ್ತಿತ್ತು.

ಶೆಡ್ಡಿನ ಗೋಡೆಗೆ ಬೇರೆ ಕಾರಿನ ಎರಡು ಬಾಗಿಲು ಒರಗಿಸಿಟ್ಟಿದ್ದರು. ಒಂದು ಹೊಸದು, ಇನ್ನೊಂದರ ನಡುವೆ ಅಂಗೈಯಗಲದ ಮೆಲ್ಲನೆಯ ತಗ್ಗು. ಮೇಸ್ತ್ರಿ ಆ ಬಾಗಿಲುಗಳಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿಕೊಂಡು, "ಯಾವುದಾದ್ರೂ ಒಂದನ್ನ ನನ್ನ ಮುಂದೆ ಇಡಿ. ಹೊಸದೋ ತಗ್ಗಾದದ್ದೋ ಹೇಳ್ತೀನಿ" ಎಂದ. ರೇಡಿಯೇಟರಿನವನು ಆಟವೆಂದುಕೊಂಡು ಒಂದನ್ನು ತಂದಿಟ್ಟ.

ಮೇಸ್ತ್ರಿ ಎಡ ಅಂಗೈ ಇಟ್ಟ. ಮೇಲಿನಿಂದ ಕೆಳಗೆ ಸವರಿದ, ಅಡ್ಡಡ್ಡ ಸವರಿದ. ಆ ಹೊತ್ತಿನಲ್ಲಿ ಅವನ ಮನಸ್ಸು ಎಂಥ ಹುಚ್ಚು ಕೆಲಸ ಮಾಡಿತೆಂದರೆ, ಕೈಗೆ ಏನಾದರೂ ತಿಳಿಯಲಿ ಎಂದು ಆಸೆಪಟ್ಟಿತು. ಬಂದದ್ದೇ ತಪ್ಪೊಪ್ಪಿಕೊಳ್ಳಲು, ಆದರೂ ಆಸೆಪಟ್ಟಿತು. ಏನೂ ತಿಳಿಯಲಿಲ್ಲ. ದಪ್ಪ ಕಂಬಳಿಯ ಆಚೆ ಯಾರೋ ಕೈಯಾಡಿಸಿದಂತಿತ್ತು. ಕೊನೆಗೆ, ಊಹೆಯ ಮೇಲೆ, "ಇದು ಹೊಸದು" ಎಂದ.

ಕಣ್ಣು ಬಿಟ್ಟು ನೋಡಿದರೆ ಅವನ ಅಂಗೈ ಸರಿಯಾಗಿ ತಗ್ಗಿನ ಮೇಲೆಯೇ ಇತ್ತು. ರೇಡಿಯೇಟರಿನವನು ಬೇರೆ ಕಡೆ ನೋಡುತ್ತಿದ್ದ. ಟೀ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಲೋಟ ಇಟ್ಟು ಕದಲಿದರು. ಭಾಮೈದ ಮಗುವಿನ ಹಾಗೆ ಅಳುತ್ತಿದ್ದ.

ಟೈಲರಮ್ಮ ಒಬ್ಬಳೇ ಕದಲಲಿಲ್ಲ. "ಅದೆಲ್ಲ ಸರಿ," ಎಂದಳು ದನಿ ತಗ್ಗಿಸಿ. "ನನ್ನ ಬಾಗಿಲು ಈಗ ಯಾರು ಮಾಡ್ತೀರಿ? ನೀವಿಬ್ಬರೇ ಮಾಡೋದಾದ್ರೆ ನಾನು ಕೂತ್ಕೊಂಡು ನೋಡ್ತೀನಿ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಹಳೆಯ ಪುಟ್ಟಿಯನ್ನೆಲ್ಲ ಕೆರೆದು ತಗಡು ಬರಿದು ಮಾಡಿ, ಮೇಸ್ತ್ರಿ ವಾಷರುಗಳನ್ನು ವೆಲ್ಡ್ ಮಾಡಿದ. ಪುಲ್ಲರಿನ ಕೊಕ್ಕೆ ಸಿಕ್ಕಿಸಿ ನಿಂತ. ಭಾಮೈದ ಕಣ್ಣೊರೆಸಿಕೊಂಡು ಬಂದು ತನ್ನ ಅಂಗೈಯನ್ನು ಬಾಗಿಲ ಮೇಲಿಟ್ಟ. ಉಜ್ಜಿ ಉಜ್ಜಿ ಆ ಕೈಗೆ ತಗ್ಗು ಉಬ್ಬು ಎಲ್ಲ ತಿಳಿದುಹೋಗಿತ್ತು.

"ಹೊಡೀರಿ ಭಾವ."

ಗುಂಡು ಜಾರಿತು. ತಗಡು ನರಳಿತು.

"ಇನ್ನೊಂದು. ಮೆಲ್ಲಗೆ."

ಮೇಸ್ತ್ರಿ ಹೊಡೆದ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಮಾತು ಕೇಳಿ ಹೊಡೆಯುತ್ತಿದ್ದ. ಅವಮಾನವೆನ್ನಿಸಿತು, ಅಳುವೂ ಬಂತು, ತಡೆದುಕೊಂಡ. ಮತ್ತೆ ಎರಡು ಏಟು. ಅವನ ನೆನಪಿನ ಲೆಕ್ಕದಲ್ಲಿ ಇನ್ನೂ ಮೂರು ಬಾಕಿಯಿದ್ದವು.

"ಸಾಕು," ಎಂದ ಭಾಮೈದ.

ಮೇಸ್ತ್ರಿ ತನ್ನ ಎಡಗೈಯನ್ನು ಅಲ್ಲಿ ಇಡಲು ಹೋದವನು ಹಿಂದಕ್ಕೆ ತೆಗೆದುಕೊಂಡ. ಸಾಕಾಗಿದೆಯೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಭಾಮೈದನ ಮುಖವನ್ನು ನೋಡಿ, ಕೊಕ್ಕೆ ಬಿಚ್ಚಿದ.